ಪ್ಲಾಸ್ಟರ್ ಬಿಚ್ಚಿದ ಮೇಲೆ ಕೈಗೆ ಮತ್ತೆ ಕೆಲಸ ಕಲಿಸೋಣ



ಮಳೆಗಾಲ ಬಂತೆಂದರೆ ಅಂಗಳ, ಬಾವಿಕಟ್ಟೆ, ಬಚ್ಚಲು, ಹಟ್ಟಿಯ ದಾರಿ ಎಲ್ಲಾ ಕಡೆ ಪಾಚಿ. ತಲೆ ಮೇಲೆ ಹುಲ್ಲಿನ ಹೊರೆ ಇಟ್ಟುಕೊಂಡೋ, ಸೊಂಟದಲ್ಲಿ ಕೊಡ ಇಟ್ಟುಕೊಂಡೋ ಅವಸರದಲ್ಲಿ ನಡೆಯುವವರು ನಾವೇ. ಜಾರಿದಾಗ ಯೋಚನೆ ಮಾಡಲು ಸಮಯ ಇರುವುದಿಲ್ಲ. ಕೈ ತಾನಾಗಿಯೇ ಮುಂದೆ ಚಾಚುತ್ತದೆ. ಇಡೀ ಮೈಯ ಭಾರ ಅಂಗೈ ಮೇಲೆ ಬೀಳುತ್ತದೆ. ಮಣಿಕಟ್ಟಿನ ಹತ್ತಿರ ಮೂಳೆ ಮುರಿಯುತ್ತದೆ.

ಆಮೇಲೆ ಏನಾಗುತ್ತದೆಂದು ನಿಮಗೆಲ್ಲ ಗೊತ್ತು. ಆಸ್ಪತ್ರೆ, ಎಕ್ಸ್‌ರೇ, ಪ್ಲಾಸ್ಟರ್, ಕುತ್ತಿಗೆಗೆ ಜೋಳಿಗೆ. ಐದಾರು ವಾರ ಕಳೆದ ಮೇಲೆ ಪ್ಲಾಸ್ಟರ್ ಬಿಚ್ಚುತ್ತಾರೆ. "ಮೂಳೆ ಕೂಡಿದೆ, ಇನ್ನು ತೊಂದರೆ ಇಲ್ಲ" ಎಂದು ಡಾಕ್ಟರು ಹೇಳುತ್ತಾರೆ. ಮನೆಗೆ ಬಂದು ನೋಡಿದರೆ ಕೈ ಸೊರಗಿದೆ, ಬೆರಳು ಮಡಚುವುದಿಲ್ಲ, ತಟ್ಟೆಯಲ್ಲಿ ಅನ್ನ ಕಲಸಲಿಕ್ಕೆ ಆಗುವುದಿಲ್ಲ, ಜಡೆ ಹಾಕಲಿಕ್ಕೆ ಆಗುವುದಿಲ್ಲ. "ಮೂಳೆ ಕೂಡಿದೆ ಅಂದ್ರು, ಹಾಗಾದ್ರೆ ಕೈ ಯಾಕೆ ಬರ್ತಾ ಇಲ್ಲ ಸಿಸ್ಟರ್?" ಎಂಬ ಪ್ರಶ್ನೆಯನ್ನು ಸಂಘದ ಸಭೆಗಳಲ್ಲಿ ಮತ್ತೆ ಮತ್ತೆ ಕೇಳಿದ್ದೇನೆ.

ಈ ಪ್ರಶ್ನೆಗೆ ಉತ್ತರ ಇಷ್ಟು: ಮೂಳೆ ಕೂಡುವುದು ಅರ್ಧ ಕೆಲಸ. ಕೈಯ ಚಲನೆಯನ್ನು ಮರಳಿ ತರುವುದು ಇನ್ನರ್ಧ. ಮೊದಲ ಅರ್ಧಕ್ಕೆ ಡಾಕ್ಟರು ಬೇಕು. ಎರಡನೆಯ ಅರ್ಧವನ್ನು ದಿನಾಲೂ ಸ್ವಲ್ಪ ಸ್ವಲ್ಪವಾಗಿ ನಾವೇ ಮಾಡಬೇಕು. ಅದನ್ನು ಮಾಡದೆ ಬಿಟ್ಟರೆ ಕೂಡಿದ ಮೂಳೆಯ ಮೇಲೆ ಕೆಲಸಕ್ಕೆ ಬಾರದ ಕೈ ಉಳಿಯಬಹುದು. ಬೀಡಿ ಕಟ್ಟಿ, ಬಟ್ಟೆ ಹೊಲಿದು, ಹಾಲು ಕರೆದು ಬದುಕುವ ನಮಗೆ ಇದು ಸಣ್ಣ ಮಾತಲ್ಲ.

ಮಣಿಕಟ್ಟಿನೊಳಗೆ ಏನಿದೆ?

ನಮ್ಮ ಮುಂಗೈಯಲ್ಲಿ ಎರಡು ಉದ್ದ ಮೂಳೆಗಳಿವೆ. ಹೆಬ್ಬೆರಳ ಕಡೆ ಇರುವುದು ರೇಡಿಯಸ್, ಕಿರುಬೆರಳ ಕಡೆ ಇರುವುದು ಅಲ್ನಾ. ಇವುಗಳ ತುದಿಯಲ್ಲಿ, ಅಂಗೈಯ ಬುಡದಲ್ಲಿ, 8 ಸಣ್ಣ ಮೂಳೆಗಳು ಎರಡು ಸಾಲಿನಲ್ಲಿ ಜೋಡಿಸಿಕೊಂಡಿವೆ. ಕೈ ಊರಿ ಬಿದ್ದಾಗ ಹೆಚ್ಚಾಗಿ ಮುರಿಯುವುದು ರೇಡಿಯಸ್ ಮೂಳೆಯ ತುದಿ. ಇದಕ್ಕೆ ಡಾಕ್ಟರುಗಳು ಕೋಲಿಸ್ ಫ್ರ್ಯಾಕ್ಚರ್ ಎಂದು ಹೇಳುವುದನ್ನು ನೀವು ಕೇಳಿರಬಹುದು. ಐರ್ಲೆಂಡ್ ದೇಶದ ಡಬ್ಲಿನ್ ನಗರದ ಅಬ್ರಹಾಂ ಕೋಲಿಸ್ ಎಂಬ ಶಸ್ತ್ರವೈದ್ಯರು 1814ರಲ್ಲಿ ಇದರ ಬಗ್ಗೆ ಬರೆದರು. ಆಗ ಎಕ್ಸ್‌ರೇ ಇನ್ನೂ ಬಂದಿರಲಿಲ್ಲ. ಅದು ಬಂದದ್ದು 1895ರಲ್ಲಿ. ಅಂದರೆ ಇದು ಎಲ್ಲ ಊರಿನಲ್ಲೂ, ಎಲ್ಲ ಕಾಲದಲ್ಲೂ ಆಗುತ್ತಾ ಬಂದಿರುವ ಪೆಟ್ಟು.

ಇನ್ನೊಂದು ವಿಷಯ ತಿಳಿದಿರಲಿ. ಬೆರಳನ್ನು ಮಡಚುವ, ಬಿಡಿಸುವ ದೊಡ್ಡ ಸ್ನಾಯುಗಳು ಬೆರಳಿನಲ್ಲಿ ಇಲ್ಲ, ಮುಂಗೈಯಲ್ಲಿವೆ. ಅಲ್ಲಿಂದ ಹಗ್ಗದಂತಹ ಹುರಿಗಳು ಮಣಿಕಟ್ಟನ್ನು ದಾಟಿ ಬೆರಳಿನ ತುದಿಯವರೆಗೆ ಹೋಗುತ್ತವೆ. ಬಾವಿಯ ಹಗ್ಗ ರಾಟೆಯ ಮೇಲೆ ಓಡಿದ ಹಾಗೆ ಈ ಹುರಿಗಳು ಮಣಿಕಟ್ಟಿನ ಮೇಲೆ ಓಡುತ್ತವೆ. ರಾಟೆ ತುಕ್ಕು ಹಿಡಿದರೆ ಹಗ್ಗ ಎಷ್ಟು ಗಟ್ಟಿ ಇದ್ದರೂ ನೀರು ಮೇಲೆ ಬರುವುದಿಲ್ಲ, ಅಲ್ವಾ?

ಈಗಲೇ ಒಂದು ಪರೀಕ್ಷೆ ಮಾಡಿ ನೋಡಿ. ನಿಮ್ಮ ಒಳ್ಳೆಯ ಕೈಯ ಮಣಿಕಟ್ಟನ್ನು ಪೂರ್ತಿ ಕೆಳಕ್ಕೆ ಬಗ್ಗಿಸಿ ಮುಷ್ಟಿ ಬಿಗಿಯಿರಿ. ಬಿಗಿ ಬರುವುದಿಲ್ಲ. ಈಗ ಮಣಿಕಟ್ಟನ್ನು ಸ್ವಲ್ಪ ಮೇಲಕ್ಕೆ ಎತ್ತಿ ಮುಷ್ಟಿ ಬಿಗಿಯಿರಿ. ಎಷ್ಟು ಗಟ್ಟಿ ಬರುತ್ತದೆ ನೋಡಿ! ಬಟ್ಟೆ ಹಿಂಡಲು, ಕತ್ತಿ ಹಿಡಿಯಲು, ಮಗುವಿನ ಕೈ ಹಿಡಿಯಲು ಬೇಕಾದ ಬಲಕ್ಕೆ ಮಣಿಕಟ್ಟು ಮೇಲಕ್ಕೆ ಏಳಬೇಕು. ಆದ್ದರಿಂದ "ಬೆರಳು ಸರಿ ಇದೆ, ಮಣಿಕಟ್ಟು ಗಟ್ಟಿಯಾಗಿದ್ರೆ ಏನಾಯ್ತು" ಎಂದು ಬಿಡುವ ಹಾಗಿಲ್ಲ.

ಕೈ ಯಾಕೆ ಗಟ್ಟಿಯಾಗುತ್ತದೆ?

ಪೆಟ್ಟು ಬಿದ್ದಾಗ ಕೈ ಊದಿಕೊಳ್ಳುತ್ತದೆ. ಆ ಊತದ ನೀರು ಕೈಯಲ್ಲೇ ನಿಂತರೆ ಗಂಜಿ ತಣ್ಣಗಾಗಿ ಅಂಟಿದ ಹಾಗೆ ಹುರಿಗಳೂ ಕೀಲುಗಳೂ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಕೀಲಿನ ಸುತ್ತ ಇರುವ ಪೊರೆ ಆಡದೆ ಇದ್ದರೆ ಕುಗ್ಗುತ್ತದೆ. ಕೆಲಸವಿಲ್ಲದ ಸ್ನಾಯು ಸೊರಗುತ್ತದೆ. ಪ್ಲಾಸ್ಟರ್ ಬಿಚ್ಚಿದಾಗ ಚರ್ಮ ಒಣಗಿ ಸಿಪ್ಪೆ ಏಳುವುದು, ಕೂದಲು ಹೆಚ್ಚು ಕಾಣುವುದು, ಕೈ ಸಣ್ಣದಾಗಿ ಕಾಣುವುದು ಎಲ್ಲ ಸಹಜ. ಅದನ್ನು ನೋಡಿ ಅಳಬೇಡಿ. ಕೈ ಸತ್ತಿಲ್ಲ, ನಿದ್ದೆ ಮಾಡಿದೆ ಅಷ್ಟೆ. ಅದನ್ನು ಎಬ್ಬಿಸಬೇಕು.

ಮೊದಲ ಹಂತ: ಪ್ಲಾಸ್ಟರ್ ಇರುವಾಗ

ತುಂಬಾ ಜನ ಪ್ಲಾಸ್ಟರ್ ಬಿಚ್ಚಿದ ಮೇಲೆ ವ್ಯಾಯಾಮ ಶುರು ಎಂದು ತಿಳಿದಿದ್ದಾರೆ. ಹಾಗಲ್ಲ. ಪ್ಲಾಸ್ಟರ್ ಹಾಕಿದ ದಿನದಿಂದಲೇ ಶುರು.

1. ಬಿದ್ದ ಕೂಡಲೇ ಬಳೆ, ಉಂಗುರ ತೆಗೆಯಿರಿ. ಊದಿಕೊಂಡ ಮೇಲೆ ತೆಗೆಯುವುದು ಕಷ್ಟ, ಕತ್ತರಿಸಬೇಕಾಗುತ್ತದೆ. ಬಳೆ ತೆಗೆಯಲು ಮನಸ್ಸು ಒಪ್ಪದಿದ್ದರೆ ಇನ್ನೊಂದು ಕೈಗೆ ಹಾಕಿಕೊಳ್ಳಿ.

2. ಮೊದಲ ಕೆಲವು ದಿನ ಕೈ ಎದೆಗಿಂತ ಮೇಲೆ ಇರಲಿ. ಮಲಗುವಾಗ ದಿಂಬಿನ ಮೇಲೆ ಇಡಿ. ಕೈ ಕೆಳಗೆ ನೇತಾಡಿದಷ್ಟೂ ಊತ ಹೆಚ್ಚು.

3. ಬೆರಳುಗಳನ್ನು ಗಂಟೆಗೊಮ್ಮೆ ಪೂರ್ತಿ ಮಡಚಿ, ಪೂರ್ತಿ ಬಿಡಿಸಿ, ಹತ್ತು ಸಲ. ಹೆಬ್ಬೆರಳನ್ನೂ ಆಡಿಸಿ. ಬೆರಳು ಆಡಿಸಿದರೆ ಮೂಳೆ ಬಿಟ್ಟುಕೊಳ್ಳುತ್ತದೆ ಎಂಬ ಭಯ ಬೇಡ. ಮುರಿದ ಜಾಗವನ್ನು ಪ್ಲಾಸ್ಟರ್ ಹಿಡಿದಿದೆ.

4. ದಿನಕ್ಕೆ ಮೂರು ನಾಲ್ಕು ಸಲ ಜೋಳಿಗೆಯಿಂದ ಕೈ ತೆಗೆದು ಮೊಣಕೈ ಮಡಚಿ ಬಿಡಿಸಿ, ಕೈಯನ್ನು ತಲೆ ಮೇಲಕ್ಕೆ ಎತ್ತಿ ಇಳಿಸಿ. ದಿನವಿಡೀ ಕೈ ಜೋಳಿಗೆಯಲ್ಲೇ ಇದ್ದರೆ ಹೆಗಲು ಹಿಡಿದುಕೊಳ್ಳುತ್ತದೆ. ಮಣಿಕಟ್ಟು ಸರಿಯಾಯಿತು, ಆದರೆ ಹೆಗಲಿಗಾಗಿ ಮತ್ತೆ ಆಸ್ಪತ್ರೆಗೆ ಓಡಾಟ ಎಂಬಂತಾಗುವುದು ಬೇಡ.

5. ಪ್ಲಾಸ್ಟರ್ ಒದ್ದೆ ಮಾಡಬೇಡಿ, ಒಳಗೆ ಕಡ್ಡಿ ಹಾಕಿ ತುರಿಸಬೇಡಿ. "ಕೆಲಸ ಉಂಟು" ಎಂದು ನೀವೇ ನೆನೆಸಿ ಬಿಚ್ಚಬೇಡಿ.

6. ಒಂದೆರಡು ವಾರದೊಳಗೆ ಮತ್ತೆ ಎಕ್ಸ್‌ರೇಗೆ ಬರಲು ಹೇಳಿದ್ದರೆ ತಪ್ಪದೆ ಹೋಗಿ. ಕೂರಿಸಿದ ಮೂಳೆ ಪ್ಲಾಸ್ಟರ್ ಒಳಗೂ ಜರುಗಬಹುದು. ಬೇಗ ಗೊತ್ತಾದರೆ ಸರಿಪಡಿಸುವುದು ಸುಲಭ.

ಕೆಲವರಿಗೆ ಆಪರೇಷನ್ ಮಾಡಿ ಪ್ಲೇಟು ಅಥವಾ ತಂತಿ ಹಾಕಿರುತ್ತಾರೆ. ಪ್ಲೇಟು ಹಾಕಿದವರಿಗೆ ಮಣಿಕಟ್ಟು ಆಡಿಸಲು ಬೇಗನೆ ಹೇಳಬಹುದು. ತಂತಿ ಹೊರಗೆ ಕಾಣುತ್ತಿದ್ದರೆ ಆ ಜಾಗ ಒಣಗಿರಬೇಕು, ಚೊಕ್ಕಟವಾಗಿರಬೇಕು. ಯಾವಾಗ ಶುರು ಮಾಡಬೇಕೆಂದು ಆಪರೇಷನ್ ಮಾಡಿದವರನ್ನೇ ಕೇಳಿ.

ಈ ಲಕ್ಷಣ ಕಂಡರೆ ಬೆಳಗಾಗುವವರೆಗೆ ಕಾಯಬೇಡಿ: ಕೈ ಎತ್ತಿ ಇಟ್ಟರೂ, ಮಾತ್ರೆ ತೆಗೆದುಕೊಂಡರೂ ನೋವು ಏರುತ್ತಲೇ ಇರುವುದು, ಬೆರಳು ನೀಲಿ ಅಥವಾ ಬಿಳಿಚಾಗುವುದು, ತಣ್ಣಗಾಗುವುದು, ಜೋಮು ಹಿಡಿದು ಬಿಡದಿರುವುದು, ಬೇರೆಯವರು ಬೆರಳನ್ನು ಮೆಲ್ಲಗೆ ನೇರ ಮಾಡಿದರೂ ಸಹಿಸಲಾಗದ ನೋವಾಗುವುದು. ಒಳಗೆ ರಕ್ತದ ಓಟಕ್ಕೆ ಅಡ್ಡಿಯಾಗಿರಬಹುದು. ಕೂಡಲೇ ಆಸ್ಪತ್ರೆಗೆ ಹೋಗಬೇಕು. ನಾಟಿ ಕಟ್ಟು ಹಾಕಿಸಿಕೊಂಡವರಿಗೂ ಇದೇ ಮಾತು. ಬಿದಿರಿನ ಪಟ್ಟಿ ಇಟ್ಟು ಬಿಗಿಯಾಗಿ ಕಟ್ಟಿದ ಕಟ್ಟಿನಿಂದ ರಕ್ತ ನಿಂತು ಕೈಯನ್ನೇ ಕಳೆದುಕೊಳ್ಳುವ ಅಪಾಯ ಇದೆ. ಎಕ್ಸ್‌ರೇ ಇಲ್ಲದೆ ಯಾರೂ ಮೂಳೆ ಎಳೆಯಲು ಬಿಡಬೇಡಿ.

ಎರಡನೇ ಹಂತ: ಪ್ಲಾಸ್ಟರ್ ಬಿಚ್ಚಿದ ಮೇಲೆ

ಬಿಚ್ಚಿದ ದಿನವೇ ಡಾಕ್ಟರನ್ನು ಎರಡು ಪ್ರಶ್ನೆ ಕೇಳಿ. "ನಾನು ಮಣಿಕಟ್ಟು ಆಡಿಸಬಹುದೇ? ಭಾರ ಎತ್ತುವುದು ಯಾವಾಗ?" ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ವಿಭಾಗ ಇದ್ದರೆ ಒಮ್ಮೆಯಾದರೂ ಹೋಗಿ ಕಲಿತು ಬನ್ನಿ. ದಿನಾ ಬಸ್ಸಿಗೆ ದುಡ್ಡು ಕೊಟ್ಟು ಹೋಗಲು ಆಗದಿದ್ದರೆ ಕಲಿತದ್ದನ್ನು ಮನೆಯಲ್ಲಿ ತಪ್ಪದೆ ಮಾಡಿದರೂ ಫಲ ಸಿಗುತ್ತದೆ.

ಮೊದಲು ಕೈಯನ್ನು ಉಗುರು ಬೆಚ್ಚಗಿನ ನೀರಿನಲ್ಲಿ ಐದು ಹತ್ತು ನಿಮಿಷ ಇಡಿ. ನೀರಿನ ಬಿಸಿಯನ್ನು ಇನ್ನೊಂದು ಕೈಯಿಂದ ನೋಡಿ, ಸಕ್ಕರೆ ಕಾಯಿಲೆ ಇದ್ದವರು ಇನ್ನೂ ಜಾಗ್ರತೆ. ಆಮೇಲೆ ತೆಂಗಿನೆಣ್ಣೆ ಸವರಿ ಬೆರಳಿನಿಂದ ಮೊಣಕೈ ಕಡೆಗೆ ಮೆಲ್ಲಗೆ ನೀವಿ. ಗಾಯ ಇದ್ದರೆ, ತಂತಿ ಇದ್ದರೆ ನೀರೂ ಬೇಡ, ಎಣ್ಣೆಯೂ ಬೇಡ. ಜೋರಾಗಿ ತಿಕ್ಕಿಸುವುದು, ಜಗ್ಗಿಸುವುದು, ಲಟಿಕೆ ತೆಗೆಸುವುದು ಮಾತ್ರ ಖಂಡಿತ ಬೇಡ.

ಈಗ ವ್ಯಾಯಾಮಗಳು. ಒಂದೊಂದನ್ನು ಹತ್ತು ಸಲ, ದಿನಕ್ಕೆ ನಾಲ್ಕೈದು ಬಾರಿ. ಕೊನೆಯಲ್ಲಿ ಐದು ಎಣಿಸುವವರೆಗೆ ಹಿಡಿದು ನಿಲ್ಲಿಸಿ.

ಒಂದು, ಬೆರಳು. ಐದೂ ಬೆರಳು ಅಗಲಿಸಿ ನೇರ ಮಾಡಿ. ನಂತರ ಬೆರಳಿನ ತುದಿ ಮತ್ತು ನಡು ಗಿಣ್ಣು ಮಾತ್ರ ಕೊಕ್ಕೆಯಂತೆ ಬಗ್ಗಿಸಿ. ನಂತರ ಪೂರ್ತಿ ಮುಷ್ಟಿ ಮಾಡಿ. ಮತ್ತೆ ನೇರ.

ಎರಡು, ಹೆಬ್ಬೆರಳು. ಹೆಬ್ಬೆರಳಿನ ತುದಿಯಿಂದ ಒಂದೊಂದೇ ಬೆರಳಿನ ತುದಿ ಮುಟ್ಟಿ. ಕಿರುಬೆರಳಿಗೆ ಬಂದ ಮೇಲೆ ಅದರ ಬುಡದವರೆಗೆ ಹೆಬ್ಬೆರಳನ್ನು ಜಾರಿಸಿ. ದುಡ್ಡು ಎಣಿಸಲು, ಗುಂಡಿ ಹಾಕಲು, ಹೂ ಕಟ್ಟಲು ಬೇಕಾದದ್ದು ಇದೇ.

ಮೂರು, ಮೇಲೆ ಕೆಳಗೆ. ಮೇಜಿನ ಅಥವಾ ಬೆಂಚಿನ ಮೇಲೆ ಮುಂಗೈ ಇಟ್ಟು ಅಂಗೈ ಮಾತ್ರ ಅಂಚಿನಿಂದ ಹೊರಗೆ ಇರಲಿ. ಸಡಿಲವಾಗಿ ಮುಷ್ಟಿ ಹಿಡಿದು ಮಣಿಕಟ್ಟನ್ನು ಮೇಲಕ್ಕೆ ಎತ್ತಿ. ಆಮೇಲೆ ಬೆರಳು ಸಡಿಲ ಬಿಟ್ಟು ಕೆಳಕ್ಕೆ ಇಳಿಸಿ. ಮುಷ್ಟಿ ಯಾಕೆಂದರೆ, ಬೆರಳು ಚಾಚಿಕೊಂಡು ಎತ್ತಿದರೆ ಬೆರಳಿನ ಹುರಿಗಳೇ ಕೆಲಸ ಮಾಡಿ ಮಣಿಕಟ್ಟು ಸೋಮಾರಿಯಾಗಿ ಉಳಿಯುತ್ತದೆ.

ನಾಲ್ಕು, ಅಕ್ಕ ಪಕ್ಕ. ಅಂಗೈಯನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಇಡಿ. ಮುಂಗೈ ಅಲುಗಿಸದೆ ಅಂಗೈಯನ್ನು ಒಮ್ಮೆ ಹೆಬ್ಬೆರಳ ಕಡೆ, ಒಮ್ಮೆ ಕಿರುಬೆರಳ ಕಡೆ ಜಾರಿಸಿ. ಕೆಳಗೆ ಒಂದು ತೆಳು ಬಟ್ಟೆ ಇದ್ದರೆ ಸುಲಭವಾಗಿ ಜಾರುತ್ತದೆ.

ಐದು, ತಿರುಗಿಸುವುದು. ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು ಮಡಚಿ. ಅಂಗೈಯನ್ನು ಆಕಾಶಕ್ಕೆ ತಿರುಗಿಸಿ, ಆಮೇಲೆ ನೆಲಕ್ಕೆ ತಿರುಗಿಸಿ. ಅಂಗೈ ಮೇಲೆ ಮಾಡುವುದು ಕೆಲವರಿಗೆ ತುಂಬಾ ತಡವಾಗಿ ಬರುತ್ತದೆ. ಆದರೆ ಮುಖಕ್ಕೆ ನೀರು ಹಿಡಿಯಲು, ಅಂಗೈಯಲ್ಲಿ ಚಿಲ್ಲರೆ ತೆಗೆದುಕೊಳ್ಳಲು, ಉಣ್ಣಲು ಅದೇ ಬೇಕು. ಮೊಣಕೈ ಪಕ್ಕೆಯಿಂದ ಎದ್ದರೆ ಹೆಗಲು ತಿರುಗುತ್ತದೆ, ಕೈ ತಿರುಗುವುದಿಲ್ಲ. ಆದ್ದರಿಂದ ಪಕ್ಕೆಗೆ ಒತ್ತಿರುವುದು ಮುಖ್ಯ.

ಆರು, ನಮಸ್ಕಾರ. ಇದು ಸ್ವಲ್ಪ ದಿನ ಕಳೆದ ಮೇಲೆ, ಡಾಕ್ಟರು ಒಪ್ಪಿದ ನಂತರ. ಎದೆಯ ಮುಂದೆ ಎರಡೂ ಅಂಗೈ ಸೇರಿಸಿ. ಅಂಗೈ ಬಿಡಿಸದೆ ಮೊಣಕೈಗಳನ್ನು ಅಗಲಿಸುತ್ತಾ ಕೈಗಳನ್ನು ನಿಧಾನವಾಗಿ ಕೆಳಕ್ಕೆ ಇಳಿಸಿ. ಒಳ್ಳೆಯ ಕೈ ಗಟ್ಟಿ ಕೈಗೆ ಸಹಾಯ ಮಾಡುತ್ತದೆ. ಆಮೇಲೆ ಹಿಂಗೈ ಹಿಂಗೈ ಸೇರಿಸಿ, ಬೆರಳು ಕೆಳಗೆ ಮಾಡಿ ಇದನ್ನೇ ಮಾಡಿ.

ಎಷ್ಟು ನೋವು ಸರಿ, ಎಷ್ಟು ನೋವು ತಪ್ಪು? ಎಳೆದ ಹಾಗೆ ಆಗುವುದು, ಸ್ವಲ್ಪ ನೋವಾಗಿ ಅರ್ಧ ಗಂಟೆಯಲ್ಲಿ ಕಡಿಮೆಯಾಗುವುದು ಸರಿ. ಮಾರನೇ ದಿನವೂ ನೋವು ಉಳಿದರೆ, ಊತ ಹೆಚ್ಚಾದರೆ, ಮಾಡಿದ್ದು ಜಾಸ್ತಿಯಾಯಿತು ಎಂದು ಅರ್ಥ. ಆಗ ಕಡಿಮೆ ಮಾಡಿ, ಆದರೆ ನಿಲ್ಲಿಸಬೇಡಿ.

ನಿಮ್ಮ ಉಳಿತಾಯ ಪುಸ್ತಕದ ಕೊನೆಯ ಹಾಳೆಯಲ್ಲಿ ವಾರಕ್ಕೊಮ್ಮೆ ಬರೆದಿಡಿ. ಮುಷ್ಟಿ ಮಾಡಿದಾಗ ಬೆರಳ ತುದಿ ಅಂಗೈಯಿಂದ ಎಷ್ಟು ಬೆರಳಗಲ ದೂರ ಇದೆ? ಹಣ ಹತ್ತು ಹತ್ತು ರೂಪಾಯಿಯಾಗಿ ಕೂಡುವುದನ್ನು ನೋಡಿದವರು ನಾವು. ಕೈಯೂ ಹಾಗೆಯೇ ಕೂಡುತ್ತದೆ. ದಿನಾ ನೋಡಿದರೆ ಏನೂ ಕಾಣುವುದಿಲ್ಲ, ತಿಂಗಳು ಕಳೆದು ನೋಡಿದರೆ ಕಾಣುತ್ತದೆ.

ಮೂರನೇ ಹಂತ: ಬಲ ತುಂಬುವುದು, ಕೆಲಸಕ್ಕೆ ಮರಳುವುದು

ಮನೆಯ ಹಗುರ ಕೆಲಸವೇ ಒಳ್ಳೆಯ ವ್ಯಾಯಾಮ. ಪ್ಲಾಸ್ಟರ್ ಬಿಚ್ಚಿದ ಕೂಡಲೇ ಅದೇ ಕೈಯಿಂದ ಊಟ ಮಾಡಲು ಪ್ರಯತ್ನಿಸಿ. ತಲೆ ಬಾಚಿ, ಗುಂಡಿ ಹಾಕಿ, ಸೊಪ್ಪು ಬಿಡಿಸಿ, ಅಕ್ಕಿಯಲ್ಲಿ ಕಲ್ಲು ಆರಿಸಿ, ಬಟ್ಟೆ ಮಡಚಿ. ಚೆಲ್ಲಿದರೆ ಚೆಲ್ಲಲಿ. ಒಳ್ಳೆಯ ಕೈ ಬೇಗ ಬೇಗ ಮುಂದೆ ಬರುತ್ತದೆ, ಅದಕ್ಕೆ ಅವಕಾಶ ಕೊಡಬೇಡಿ.

ಡಾಕ್ಟರು ಬಲದ ವ್ಯಾಯಾಮಕ್ಕೆ ಒಪ್ಪಿದ ಮೇಲೆ, ಸಾಮಾನ್ಯವಾಗಿ ಪೆಟ್ಟಾಗಿ ಎಂಟು ವಾರದ ನಂತರ, ಒದ್ದೆ ಸ್ಪಂಜು ಹಿಂಡುವುದು, ಹಿಟ್ಟು ನಾದುವುದು, ಸಣ್ಣ ಕರವಸ್ತ್ರ ಹಿಂಡುವುದು ಶುರು ಮಾಡಿ. ಅರ್ಧ ಲೀಟರ್ ನೀರಿನ ಬಾಟಲಿ ತುಂಬಿದರೆ ಸುಮಾರು ಅರ್ಧ ಕಿಲೋ. ಅದನ್ನು ಹಿಡಿದು ಮೂರನೇ ಮತ್ತು ಐದನೇ ವ್ಯಾಯಾಮ ಮಾಡಿ. ರೊಟ್ಟಿ ತಟ್ಟುವುದು ನಂತರ. ತುಂಬಿದ ಕೊಡ, ಒದ್ದೆ ಸೀರೆ ಹಿಂಡುವುದು, ರುಬ್ಬುವ ಕಲ್ಲು, ಹಾರೆ ಗುದ್ದಲಿ, ಸೌದೆ ಒಡೆಯುವುದು ಇವೆಲ್ಲ ಸಾಮಾನ್ಯವಾಗಿ ಮೂರು ತಿಂಗಳಾದ ಮೇಲೆ, ಡಾಕ್ಟರನ್ನು ಕೇಳಿ.

ನೆಲದಿಂದ ಏಳುವಾಗ ಅಂಗೈ ಊರಿ ಏಳುವ ಅಭ್ಯಾಸ ನಮ್ಮದು. ಆಗ ಮೈಯ ಭಾರವೆಲ್ಲ ಮಣಿಕಟ್ಟಿಗೆ. ಅಷ್ಟರವರೆಗೆ ಕುರ್ಚಿ, ಸ್ಟೂಲು ಬಳಸಿ, ಅಥವಾ ಒಳ್ಳೆಯ ಕೈ ಊರಿ ಏಳಿ.

ಬೀಡಿ ಕಟ್ಟುವವರು, ಹೊಲಿಗೆಯವರು ಹತ್ತು ನಿಮಿಷದಿಂದ ಶುರು ಮಾಡಿ, ಕೈ ಝಾಡಿಸಿ ಬಿಡಿಸಿ ಮತ್ತೆ ಕೂರಿ. ವಾರ ವಾರ ಸಮಯ ಹೆಚ್ಚಿಸಿ. ಮೊದಲ ದಿನವೇ ಹಿಂದಿನ ಲೆಕ್ಕ ಮುಟ್ಟಿಸಲು ಹೋದರೆ ಮಾರನೇ ದಿನ ಕೈ ಊದಿ ಎರಡು ದಿನ ನಷ್ಟ.

ಎಷ್ಟು ಕಾಲ ಬೇಕು? ಹೆಚ್ಚಿನ ಸುಧಾರಣೆ ಮೂರರಿಂದ ಆರು ತಿಂಗಳಲ್ಲಿ ಬರುತ್ತದೆ. ಹಿಡಿತದ ಬಲ ಒಂದು ವರ್ಷದವರೆಗೂ ಏರುತ್ತಾ ಇರುತ್ತದೆ. ಮಳೆ ಚಳಿಗೆ ಸ್ವಲ್ಪ ನೋವು ಕಾಣಬಹುದು. ಕೆಲವರಿಗೆ ಮಣಿಕಟ್ಟು ಮೊದಲಿನಷ್ಟು ಪೂರ್ತಿ ಬಾಗದೆ ಉಳಿಯಬಹುದು. ಧೈರ್ಯಗೆಡಬೇಡಿ. ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಬಾಗಿದರೂ ಸಾಕು, ದಿನನಿತ್ಯದ ಬಹುಪಾಲು ಕೆಲಸ ನಡೆಯುತ್ತದೆ. ಎಕ್ಸ್‌ರೇಯಲ್ಲಿ ಮೂಳೆ ಕೊಂಚ ಸೊಟ್ಟ ಕಂಡರೂ ಕೈ ಚೆನ್ನಾಗಿ ಕೆಲಸ ಮಾಡುವುದುಂಟು, ವಯಸ್ಸಾದವರಲ್ಲಿ ವಿಶೇಷವಾಗಿ.

ಮತ್ತೆ ಡಾಕ್ಟರ ಹತ್ತಿರ ಹೋಗಬೇಕಾದ ಲಕ್ಷಣಗಳು

- ಕೈ ಉರಿ ಉರಿ ನೋವು, ಬಟ್ಟೆ ತಾಗಿದರೂ ಸಹಿಸಲಾಗದು, ಚರ್ಮ ಹೊಳಪಾಗಿ ಬಣ್ಣ ಬದಲಾಗುವುದು, ಒಂದೇ ಕೈ ಬೆವರುವುದು, ಊತ ಇಳಿಯದಿರುವುದು. ಇದು ಪೆಟ್ಟಿನ ನಂತರ ನರಗಳ ತೊಂದರೆಯಿಂದ ಬರುವ ಒಂದು ಸಮಸ್ಯೆ. ಬೇಗ ಚಿಕಿತ್ಸೆ ಶುರುವಾದಷ್ಟು ಒಳ್ಳೆಯದು.
- ಹೆಬ್ಬೆರಳು, ತೋರುಬೆರಳು, ನಡುಬೆರಳಿನಲ್ಲಿ ಜೋಮು, ರಾತ್ರಿ ಎಚ್ಚರವಾಗುವಷ್ಟು. ಮಣಿಕಟ್ಟಿನಲ್ಲಿ ನರ ಒತ್ತಿರಬಹುದು.
- ಒಂದು ದಿನ ಇದ್ದಕ್ಕಿದ್ದಂತೆ ಹೆಬ್ಬೆರಳು ಮೇಲಕ್ಕೆ ಏಳದಿರುವುದು. ಮುರಿದ ಜಾಗಕ್ಕೆ ಉಜ್ಜಿ ಉಜ್ಜಿ ಹುರಿ ಹರಿದಿರಬಹುದು. ಇದು ಪೆಟ್ಟಾಗಿ ಕೆಲವು ವಾರದ ಮೇಲೂ ಆಗುತ್ತದೆ. "ಆಮೇಲೆ ಸರಿ ಹೋಗುತ್ತೆ" ಎಂದು ಬಿಡಬೇಡಿ.
- ಎರಡು ಮೂರು ವಾರ ಸರಿಯಾಗಿ ವ್ಯಾಯಾಮ ಮಾಡಿಯೂ ಬೆರಳು ಅಂಗೈಗೆ ಹತ್ತಿರವಾಗದಿರುವುದು.

ಮನೆಯವರಿಗೆ ಒಂದು ಮಾತು

ಕೈ ಕೆಡುವುದು ಎರಡು ರೀತಿಯಲ್ಲಿ. ಒಂದು ಭಯ, ಇನ್ನೊಂದು ಅವಸರ.

ಕೆಲವು ಮನೆಗಳಲ್ಲಿ "ಪಾಪ, ಕೈ ಮುರಿದಿದೆ" ಎಂದು ಬಾಯಿಗೆ ತುತ್ತು ಸಹ ಇಡುತ್ತಾರೆ. ಪ್ಲಾಸ್ಟರ್ ಬಿಚ್ಚಿ ತಿಂಗಳು ಎರಡಾದರೂ ಕೈ ಸೆರಗಿನೊಳಗೇ ಇರುತ್ತದೆ. ಇದು ಪ್ರೀತಿಯೇ, ಆದರೆ ಕೈಯನ್ನು ಗಟ್ಟಿ ಮಾಡುವ ಪ್ರೀತಿ.

ಹೆಚ್ಚಿನ ಮನೆಗಳಲ್ಲಿ ಕತೆ ಬೇರೆ. ಪ್ಲಾಸ್ಟರ್ ಇರುವಾಗಲೇ ಒಂದು ಕೈಯಲ್ಲಿ ಒಲೆ, ನೀರು, ದನ. ಬಿಚ್ಚಿದ ದಿನ ಸಂಜೆಗೆ ತುಂಬಿದ ಕೊಡ. "ಬಿಚ್ಚಿದ್ರಲ್ಲ, ಇನ್ನೇನು?" ಎನ್ನುತ್ತಾರೆ. ಗಂಡಸರಿಗೆ ಕೈ ಮುರಿದರೆ ಮೂರು ತಿಂಗಳ ವಿಶ್ರಾಂತಿ, ಹೆಂಗಸಿಗೆ ಮೂರು ದಿನವೂ ಇಲ್ಲ. ಇದು ನ್ಯಾಯವೇ ಎಂದು ಮನೆಯಲ್ಲಿ ಕೂತು ಮಾತಾಡಬೇಕು. ಕೊಡ ಎತ್ತುವುದು, ಬಟ್ಟೆ ಹಿಂಡುವುದು, ಸೌದೆ ಒಡೆಯುವುದು ಈ ಮೂರನ್ನು ಮೂರು ತಿಂಗಳು ಗಂಡ, ಮಕ್ಕಳು ಹಂಚಿಕೊಂಡರೆ ಆ ಮನೆಗೆ ಒಂದು ಕೈ ಮರಳಿ ಸಿಗುತ್ತದೆ. ಮಗನೂ ಬಟ್ಟೆ ಹಿಂಡಲಿ, ಮಗಳು ಮಾತ್ರ ಅಲ್ಲ. ಅದಕ್ಕಾಗಿ ಮಗಳ ಶಾಲೆ ಬಿಡಿಸುವುದಂತೂ ಬೇಡವೇ ಬೇಡ.

ಇನ್ನೊಮ್ಮೆ ಬೀಳದಿರಲು

ನಲವತ್ತೈದು, ಐವತ್ತು ದಾಟಿದವರು ನಿಂತ ನೆಲದಲ್ಲೇ ಬಿದ್ದು ಮಣಿಕಟ್ಟು ಮುರಿದುಕೊಂಡರೆ ಅದೊಂದು ಎಚ್ಚರಿಕೆ. ಮುಟ್ಟು ನಿಂತ ಮೇಲೆ ಮೂಳೆ ಟೊಳ್ಳಾಗುತ್ತಾ ಹೋಗುತ್ತದೆ. ಇಂದು ಮಣಿಕಟ್ಟು, ನಾಳೆ ಸೊಂಟದ ಮೂಳೆ ಆಗಬಹುದು. ಮೂಳೆಯ ಸಾಂದ್ರತೆ ಪರೀಕ್ಷೆ ಬೇಕೇ, ಮಾತ್ರೆ ಬೇಕೇ ಎಂದು ಡಾಕ್ಟರನ್ನು ಕೇಳಿ. ನಮ್ಮ ರಾಗಿ 100 ಗ್ರಾಂನಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶ ಇದೆ. ನುಗ್ಗೆ ಸೊಪ್ಪು, ಎಳ್ಳು, ಹಾಲು, ಮಜ್ಜಿಗೆ, ಮುಳ್ಳು ಸಮೇತ ತಿನ್ನುವ ಸಣ್ಣ ಮೀನು ಇವೂ ಒಳ್ಳೆಯವು. ಹಾಲನ್ನೆಲ್ಲ ಡೈರಿಗೆ ಹಾಕಿ ನಮಗೆ ಕರಿ ಚಹಾ ಎನ್ನುವುದು ಬೇಡ. ಮೈಗೆ ಬಿಸಿಲು ತಾಗಲಿ. ಹೊಗೆಸೊಪ್ಪು ಮೂಳೆ ಕೂಡುವುದನ್ನು ನಿಧಾನ ಮಾಡುತ್ತದೆ, ಎಲೆ ಅಡಿಕೆಯೊಂದಿಗೆ ಹಾಕುವವರು ಬಿಡಲು ಇದೇ ಸಮಯ.

ಅಂಗಳದ ಪಾಚಿಯನ್ನು ಮಳೆಗೆ ಮೊದಲೇ ಕೆರೆದು ಬ್ಲೀಚಿಂಗ್ ಪುಡಿ ಹಾಕಿ ತೊಳೆಯಿರಿ. ಬಚ್ಚಲಿಗೆ ಒಂದು ದೀಪ, ಗೋಡೆಗೆ ಹಿಡಿಯಲು ಒಂದು ಗಟ್ಟಿ ಸರಳು ಇರಲಿ. ತಳ ಸವೆದ ಹವಾಯಿ ಚಪ್ಪಲಿ ಎಸೆಯಿರಿ. ಹೊಸ ಚಪ್ಪಲಿಯ ಬೆಲೆ ಪ್ಲಾಸ್ಟರಿನ ಬೆಲೆಗಿಂತ ಕಡಿಮೆ.

ಸಂಘ ಏನು ಮಾಡಬಹುದು?

ಸಂಘ ಎಂದರೆ ಉಳಿತಾಯ, ಸಾಲ ಮಾತ್ರ ಅಲ್ಲ. ಸದಸ್ಯೆಯೊಬ್ಬಳ ಕೈ ಮುರಿದರೆ ಅವಳ ದುಡಿಮೆ ನಿಲ್ಲುತ್ತದೆ. ಕಂತು ಕಟ್ಟಲಾಗದೆ ನಾಚಿಕೆಯಿಂದ ಸಭೆಗೇ ಬರುವುದಿಲ್ಲ. ಕಂತಿಗಾಗಿ ಬೇಗ ಕೆಲಸಕ್ಕೆ ಇಳಿದು ಕೈ ಕೆಡಿಸಿಕೊಳ್ಳುತ್ತಾಳೆ. ಆದ್ದರಿಂದ ಸಂಘ ಅವಳನ್ನು ಹುಡುಕಿಕೊಂಡು ಹೋಗಬೇಕು. ಎರಡು ಮೂರು ತಿಂಗಳ ಕಂತನ್ನು ಮುಂದಕ್ಕೆ ಹಾಕಲು ನಿರ್ಣಯ ಬರೆದುಕೊಳ್ಳಬಹುದು. ಸರದಿಯಂತೆ ನೀರು ತಂದು ಕೊಡಬಹುದು. ಎಕ್ಸ್‌ರೇ ದಿನ ಒಬ್ಬರು ಜೊತೆಗೆ ಹೋಗಬಹುದು.

ಖರ್ಚಿನ ವಿಷಯ: 2018ರಲ್ಲಿ ಶುರುವಾದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶ ಇದೆ. ಖಾಸಗಿ ಆಸ್ಪತ್ರೆಗೆ ಓಡುವ ಮೊದಲು ತಾಲೂಕು ಅಥವಾ ಜಿಲ್ಲಾ ಸರಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ. ರೇಷನ್ ಕಾರ್ಡ್, ಆಧಾರ್ ಕೈಯಲ್ಲಿರಲಿ. ದಾರಿ ಗೊತ್ತಿಲ್ಲದಿದ್ದರೆ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ.

ಎಲ್ಲಕ್ಕಿಂತ ಸುಲಭದ ಕೆಲಸ ಇನ್ನೊಂದಿದೆ. ವಾರದ ಸಭೆಯಲ್ಲಿ ಹಣ ಎಣಿಸಿ ಮುಗಿದ ಮೇಲೆ ಐದು ನಿಮಿಷ ಎಲ್ಲರೂ ಸೇರಿ ಈ ವ್ಯಾಯಾಮ ಮಾಡಿ. ಒಬ್ಬಳೇ ಮಾಡಿದರೆ ಬೇಸರ, ನಾಚಿಕೆ. ಹದಿನೈದು ಜನ ಒಟ್ಟಿಗೆ ಕೈ ಎತ್ತಿದರೆ ನಗು ಬರುತ್ತದೆ, ಕೈಯೂ ಬರುತ್ತದೆ.

ಸಭೆಯಲ್ಲಿ ಚರ್ಚಿಸಲು

1. ನಮ್ಮ ಸಂಘದಲ್ಲಿ ಕೈ ಅಥವಾ ಕಾಲು ಮುರಿದ ಮೇಲೆ ಮೊದಲಿನಂತೆ ಕೆಲಸ ಮಾಡಲಾಗದೆ ಇರುವವರು ಯಾರಿದ್ದಾರೆ? ಅವರಿಗೆ ಪ್ಲಾಸ್ಟರ್ ಬಿಚ್ಚಿದ ಮೇಲೆ ಯಾರಾದರೂ ವ್ಯಾಯಾಮ ಹೇಳಿಕೊಟ್ಟಿದ್ದರೇ?
2. ಸದಸ್ಯೆಗೆ ಪೆಟ್ಟಾದಾಗ ಕಂತಿನ ವಿಷಯದಲ್ಲಿ ನಮ್ಮ ಸಂಘದ ನಿಯಮ ಏನು? ಇಲ್ಲದಿದ್ದರೆ ಇಂದೇ ಒಂದು ನಿಯಮ ಬರೆದುಕೊಳ್ಳೋಣವೇ?
3. ನಮ್ಮ ಬೀದಿಯಲ್ಲಿ ಮಳೆಗಾಲಕ್ಕೆ ಜಾರುವ ಜಾಗಗಳು ಯಾವುವು? ಶ್ರಮದಾನದಿಂದ ಯಾವುದನ್ನು ಸರಿ ಮಾಡಬಹುದು? ಯಾವುದಕ್ಕೆ ಪಂಚಾಯತಿಗೆ ಅರ್ಜಿ ಕೊಡಬೇಕು?